ಮುಂದಿರುವುದನ್ನು ಹಿಡಿಯಬೇಕೇ? ವೇಗ ತಗ್ಗಿಸಿ!

2025ರ ಜನವರಿ 16ರಂದು ಇಸ್ರೋದ ಎರಡು ಚಿಕ್ಕ ಉಪಗ್ರಹಗಳು ಬಾಹ್ಯಾಕಾಶದಲ್ಲಿ ಒಂದಕ್ಕೊಂದು ಜೋಡಣೆಯಾದವು. ಟಿವಿಯಲ್ಲಿ ಆ ಸುದ್ದಿ ನೋಡುತ್ತಿದ್ದ ನಮ್ಮ ದಾದಿ, "ಇತ್ತಾ ಉಪ್ಪರ್ ಹೈ, ನೀಚೆ ಕೈಕು ನೈ ಗಿರ್ತಾ?" ಎಂದು ಕೇಳಿದರು. ಅಷ್ಟು ಮೇಲಿದ್ದರೂ ಕೆಳಗೆ ಯಾಕೆ ಬೀಳುವುದಿಲ್ಲ ಎಂದು. "ಅಲ್ಲಿ ಗುರುತ್ವಾಕರ್ಷಣೆ ಇಲ್ಲ ದಾದಿ" ಎಂದೆ. ಕಾಮರ್ಸ್ ಓದುತ್ತಿದ್ದರೂ ಇಷ್ಟು ಗೊತ್ತಿದೆಯಲ್ಲ ಎಂದು ಹೆಮ್ಮೆಯಾಗಿತ್ತು. ಮರುದಿನ ಸೈನ್ಸ್ ವಿಭಾಗದ ಗೆಳೆಯ ಕೇಳಿ ನಕ್ಕುಬಿಟ್ಟ. ದಾದಿಗೆ ತಪ್ಪು ಹೇಳಿದೆನಲ್ಲ ಎಂದು ಲೈಬ್ರರಿಗೆ ಹೋಗಿ ಓದಲು ಕುಳಿತೆ.

400 ಕಿಲೋಮೀಟರ್ ಎತ್ತರದಲ್ಲೂ ಭೂಮಿಯ ಸೆಳೆತ ನೆಲದ ಮೇಲಿರುವುದರ ಶೇಕಡಾ 88ರಷ್ಟು ಇರುತ್ತದೆ. ಹಾಗಾದರೆ ಉಪಗ್ರಹ ಬೀಳಲೇಬೇಕು. ಬೀಳುತ್ತಲೇ ಇದೆ! ಕೈಯಿಂದ ಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಭೂಮಿ ಗುಂಡಗಿರುವುದರಿಂದ ನೇರವಾಗಿ 7.9 ಕಿಲೋಮೀಟರ್ ಹೋಗುವಷ್ಟರಲ್ಲಿ ನೆಲವೂ ಅಷ್ಟೇ, 4.9 ಮೀಟರ್, ಕೆಳಗೆ ಬಾಗಿರುತ್ತದೆ. ಗಾಳಿಯ ಅಡ್ಡಿ ಇಲ್ಲದಿದ್ದರೆ, ಸೆಕೆಂಡಿಗೆ 7.9 ಕಿಲೋಮೀಟರ್ ವೇಗದಲ್ಲಿ ಅಡ್ಡಲಾಗಿ ಎಸೆದ ಕಲ್ಲು ಬಿದ್ದಷ್ಟೂ ನೆಲ ಕೆಳಗೆ ಸರಿಯುತ್ತದೆ, ಕಲ್ಲಿಗೆ ಸಿಗುವುದೇ ಇಲ್ಲ. ರಾಕೆಟ್ಟಿನ ದೊಡ್ಡ ಕೆಲಸ ಮೇಲಕ್ಕೆ ಒಯ್ಯುವುದಲ್ಲ, ಈ ಅಡ್ಡ ವೇಗ ಕೊಡುವುದು. ಮೇಲೆ ಹೋದಷ್ಟೂ ಸೆಳೆತ ಕಡಿಮೆ, ಬೇಕಾದ ವೇಗವೂ ಕಡಿಮೆ. 400 ಕಿಲೋಮೀಟರ್ ಎತ್ತರದಲ್ಲಿ ಒಂದು ಸುತ್ತಿಗೆ ಸುಮಾರು 92 ನಿಮಿಷ ಸಾಕು. ನಮ್ಮ ಮನೆಯ ಡಿಶ್ ನೋಡುವ ಉಪಗ್ರಹ ಇರುವುದು 35,786 ಕಿಲೋಮೀಟರ್ ಎತ್ತರದಲ್ಲಿ. ಅದಕ್ಕೆ ಒಂದು ಸುತ್ತಿಗೆ ಸುಮಾರು ಒಂದು ದಿನವೇ ಬೇಕು. ಭೂಮಿಯ ಜೊತೆಜೊತೆಗೇ ಸುತ್ತುವುದರಿಂದ ಡಿಶ್ ತಿರುಗಿಸುವ ಕೆಲಸ ಇಲ್ಲ.

ಇನ್ನು ನನಗೆ ತಲೆ ತಿರುಗಿಸಿದ ವಿಷಯ. ಒಂದೇ ಕಕ್ಷೆಯಲ್ಲಿ ನಿಮ್ಮ ಮುಂದೆ ಇನ್ನೊಂದು ನೌಕೆ ಹೋಗುತ್ತಿದೆ ಎನ್ನಿ. ಹಿಡಿಯಲು ಏನು ಮಾಡುತ್ತೀರಿ? ಬೈಕಿನಲ್ಲಾದರೆ ಆಕ್ಸಿಲರೇಟರ್ ತಿರುಗಿಸುತ್ತೇವೆ. 1965ರ ಜೂನ್ 3ರಂದು ಅಮೆರಿಕದ ಜೆಮಿನಿ 4 ನೌಕೆಯಲ್ಲಿ ಜೇಮ್ಸ್ ಮೆಕ್‌ಡಿವಿಟ್ ಮಾಡಿದ್ದೂ ಅದನ್ನೇ. ತಮ್ಮನ್ನು ಮೇಲೆ ತಂದ ಟೈಟನ್ ರಾಕೆಟ್ಟಿನ ಖಾಲಿ ಭಾಗದ ಹತ್ತಿರ ಹೋಗಬೇಕಿತ್ತು. ಅದು ಕಣ್ಣಿಗೆ ಕಾಣುತ್ತಲೇ ಇತ್ತು. ಅದರ ಕಡೆಗೆ ಮೂತಿ ತಿರುಗಿಸಿ ಎಂಜಿನ್ ಉರಿಸಿದರು. ಆದರೆ ಅದು ದೂರವಾಗುತ್ತಾ ಹೋಯಿತು. ಇಂಧನ ಕರಗುತ್ತಿದ್ದುದರಿಂದ ಕೊನೆಗೆ ಪ್ರಯತ್ನ ಕೈಬಿಡಬೇಕಾಯಿತು. ನಮ್ಮ ಅಕೌಂಟೆನ್ಸಿ ಭಾಷೆಯಲ್ಲಿ ಹೇಳುವುದಾದರೆ ಖರ್ಚು ಮಾಡಿದ್ದೆಲ್ಲ ನಷ್ಟದ ಖಾತೆಗೆ.

ಕಾರಣ ಇದು. ವೇಗ ಹೆಚ್ಚಿಸಿದ ನೌಕೆ ಮೇಲಕ್ಕೇರಿ ದೊಡ್ಡ ಸುತ್ತು ಹಾಕುತ್ತದೆ. ಮೇಲೆ ಹೋದಾಗ ನಿಧಾನವಾಗುತ್ತದೆ. ಹಾಗಾಗಿ ಒಂದು ಸುತ್ತು ಮುಗಿಸಿ ಬರುವಷ್ಟರಲ್ಲಿ ಮೊದಲಿಗಿಂತಲೂ ಹಿಂದೆ ಬಿದ್ದಿರುತ್ತದೆ. ವೇಗ ತಗ್ಗಿಸಿದರೆ ಕೆಳಗಿಳಿದು ಚಿಕ್ಕ ಸುತ್ತಿನಲ್ಲಿ ಬೇಗ ಓಡುತ್ತದೆ, ಮುಂದಿನದಕ್ಕೆ ಹತ್ತಿರವಾಗುತ್ತದೆ. ಈ ಲೆಕ್ಕ ಆಗ ಯಾರಿಗೂ ಗೊತ್ತಿರಲಿಲ್ಲ ಎಂದಲ್ಲ. ಮುಂದೆ ಚಂದ್ರನ ಮೇಲೆ ನಡೆದ ಬಜ್ ಆಲ್ಡ್ರಿನ್ 1963ರಲ್ಲೇ ಬಾಹ್ಯಾಕಾಶದಲ್ಲಿ ನೌಕೆಗಳು ಸಂಧಿಸುವ ಬಗ್ಗೆ ಡಾಕ್ಟರೇಟ್ ಪ್ರಬಂಧ ಬರೆದಿದ್ದರು. ಆದರೆ ಕಾಗದದ ಲೆಕ್ಕ ಬೇರೆ, ಕೈಯಲ್ಲಿ ಸ್ಟಿಕ್ ಹಿಡಿದಾಗಿನ ಅಭ್ಯಾಸ ಬೇರೆ. 1965ರ ಡಿಸೆಂಬರ್ 15ರಂದು ಜೆಮಿನಿ 6ಎ ನೌಕೆ ಕೆಳಗಿನ ಕಕ್ಷೆಯಲ್ಲಿ ಹಿಂದಿನಿಂದ ಬಂದು, ಸುಮಾರು ಆರು ಗಂಟೆಗಳಲ್ಲಿ ಜೆಮಿನಿ 7ರ ಪಕ್ಕಕ್ಕೆ ತಲುಪಿತು. ಎರಡೂ ಒಂದು ಅಡಿಯಷ್ಟು ಹತ್ತಿರ ಬಂದವು.

ನಮ್ಮ ಸ್ಪೇಡೆಕ್ಸ್ ಉಪಗ್ರಹಗಳು ತಲಾ ಸುಮಾರು 220 ಕಿಲೋ. 2024ರ ಡಿಸೆಂಬರ್ 30ರಂದು ಶ್ರೀಹರಿಕೋಟಾದಿಂದ ಹಾರಿದ ಇವು ಜೋಡಣೆಯಾಗಲು ಎರಡು ವಾರ ಮೀರಿ ಹಿಡಿಯಿತು. ಅವಸರವಿಲ್ಲದೆ ಹಂತಹಂತವಾಗಿ ಹತ್ತಿರ ತಂದರು. 15 ಮೀಟರಿನಲ್ಲಿ ನಿಲ್ಲಿಸಿದರು, 3 ಮೀಟರಿನಲ್ಲಿ ಮತ್ತೆ ನಿಲ್ಲಿಸಿದರು. ಅಷ್ಟು ಹತ್ತಿರ ಬಂದ ಮೇಲೆ ಮಾತ್ರ ನೇರವಾಗಿ ಮೆಲ್ಲಗೆ ತಳ್ಳಿದರೆ ನಡೆಯುತ್ತದೆ. ಈ ಸಾಧನೆ ಮಾಡಿದ ನಾಲ್ಕನೇ ದೇಶ ಭಾರತ.

ದಾದಿಗೆ ಮತ್ತೆ ಎಲ್ಲ ವಿವರಿಸಿದೆ. "ಅದು ಬೀಳುತ್ತಲೇ ಇದೆ, ನೆಲ ತಪ್ಪಿಸಿಕೊಳ್ಳುತ್ತಿದೆ" ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಚಂದ್ರನೂ ಹಾಗೇನಾ?" ಎಂದು ಕೇಳಿದರು. ಹೌದು ದಾದಿ, ಚಂದ್ರನೂ ಹಾಗೇ.