ಬಾರ್‌ಬೆಲ್ ಹಿಡಿದವನು ಗಡಿಯಾರದ ಹಿಂದೆ ಓಡಬೇಕೇ?

ತಮ್ಮಾ, ಪವರ್‌ಲಿಫ್ಟಿಂಗ್ ಜೊತೆಗೆ ಕ್ರಾಸ್‌ಫಿಟ್ ತರಗತಿಗೂ ಸೇರಿದ್ದೀಯಂತೆ. ಬೇಡ ಅನ್ನುವುದಕ್ಕೆ ಇದನ್ನು ಬರೆಯುತ್ತಿಲ್ಲ. ನನ್ನ ಓರಗೆಯ ಕೋಚ್‌ಗಳು ಅದನ್ನು ಬರೀ ಕುಣಿತ ಅಂತ ಹೀಯಾಳಿಸುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಆದರೆ ಅಲ್ಲಿ ಸಿಗುವುದೇನು, ಕೈಬಿಟ್ಟು ಹೋಗುವುದೇನು ಅನ್ನುವುದು ನಿನಗೆ ಗೊತ್ತಿರಬೇಕು.

ಇನ್ನೂರು ಕಿಲೋ ಡೆಡ್‌ಲಿಫ್ಟ್ ಮಾಡುವ ಹುಡುಗರು ಎರಡು ಮಹಡಿ ಹತ್ತಿ ಏದುಸಿರು ಬಿಡುವುದನ್ನು ಕಂಡಿದ್ದೇನೆ. ದಮ್ಮಿಲ್ಲದವನು ಒಂದು ಸೆಟ್ ಮುಗಿಸಿ ಇನ್ನೊಂದಕ್ಕೆ ಸಿದ್ಧವಾಗುವಷ್ಟರಲ್ಲಿ ಜಿಮ್ ಬಾಗಿಲು ಹಾಕುವ ಹೊತ್ತಾಗಿರುತ್ತದೆ. ರೋಯಿಂಗ್ ಮೆಷಿನ್, ಸ್ಲೆಡ್ ಎಳೆತ, ಎರಡೂ ಕೈಯಲ್ಲಿ ಕೆಟಲ್‌ಬೆಲ್ ಹಿಡಿದು ನಡೆಯುವುದು, ಇವೆಲ್ಲ ಆ ಕೊರತೆಯನ್ನು ತುಂಬುತ್ತವೆ. ಭುಜ, ಸೊಂಟ, ಹಿಮ್ಮಡಿಯ ಬಿಗಿತವೂ ಸಡಿಲಾಗುತ್ತದೆ. ಜೊತೆಗಾರರಿರುವ ಲಾಭವಂತೂ ದೊಡ್ಡದು. ಹತ್ತು ಜನ ಕಾಯುತ್ತಿದ್ದಾರೆ ಅಂದರೆ ಬೆಳಗಿನ ನಿದ್ದೆ ತಾನಾಗಿ ಹಾರಿಹೋಗುತ್ತದೆ.

ಮೈಸೂರಿನ ಗರಡಿಮನೆಗಳಲ್ಲಿ ನಡೆದದ್ದೂ ಗುಂಪಿನ ಸಾಮೇ. ದಂಡ, ಬಸ್ಕಿ, ಗದೆ ತಿರುಗಿಸುವುದು, ಮಟ್ಟಿ ಅಗೆಯುವುದು, ಎಲ್ಲವೂ ಉಸ್ತಾದರ ಕಣ್ಣೆದುರಿಗೆ. ಆದರೆ ಅಷ್ಟು ಬಗೆಯ ಕಸರತ್ತೂ ಕೊನೆಗೆ ಹೋಗಿ ಸೇರುತ್ತಿದ್ದುದು ಕುಸ್ತಿಗೆ. ಗ್ರೆಗ್ ಗ್ಲಾಸ್‌ಮನ್ ಅಮೆರಿಕದಲ್ಲಿ ಕಟ್ಟಿದ ಕ್ರಾಸ್‌ಫಿಟ್‌ನ ಉದ್ದೇಶವೇ ಬೇರೆ. ಯಾವ ಒಂದು ಆಟಕ್ಕೂ ಅಂಟಿಕೊಳ್ಳದೆ, ಎಲ್ಲದಕ್ಕೂ ಒಂದಿಷ್ಟು ಒದಗುವ ಮೈ ಅದರ ಗುರಿ. ಪೊಲೀಸ್ ನೌಕರಿಗೆ ಸೇರುವವನಿಗೆ ಅದು ಚೆನ್ನ. ನಿನಗೆ ಬೇಕಿರುವುದು ಸ್ಕ್ವಾಟ್, ಬೆಂಚ್, ಡೆಡ್‌ಲಿಫ್ಟ್ ಮೂರರಲ್ಲಿ ಒಂದೊಂದು ಸಲಕ್ಕೆ ಎತ್ತಬಲ್ಲ ಗರಿಷ್ಠ ಭಾರ.

ಬಲ ಅಂದರೆ ಸ್ನಾಯುವಿನ ದಪ್ಪ ಮಾತ್ರವಲ್ಲ, ನರಗಳಿಗೆ ಕೂತ ಅಭ್ಯಾಸ. ಅದೇ ಲಿಫ್ಟನ್ನು ವಾರವಾರವೂ ಮಾಡಬೇಕು, ಸ್ವಲ್ಪಸ್ವಲ್ಪವೇ ಭಾರ ಏರಿಸಬೇಕು, ಸೆಟ್ಟುಗಳ ನಡುವೆ ಮೂರರಿಂದ ಐದು ನಿಮಿಷ ಸುಮ್ಮನೆ ಕೂರಬೇಕು. ಇದು ಬೇಸರದ ಕೆಲಸ, ನೋಡುವವರಿಗೆ ಸೋಮಾರಿತನದಂತೆ ಕಾಣುತ್ತದೆ. ತರಗತಿಯ ಬೋರ್ಡಿನಲ್ಲಿ ಇವತ್ತು ಬರೆದದ್ದು ನಾಳೆ ಇರುವುದಿಲ್ಲ, ಗಡಿಯಾರ ಕೂರಲು ಬಿಡುವುದಿಲ್ಲ. ಅಲ್ಲಿ ‘ಗ್ರೇಸ್’ ಅಂತ ಒಂದು ಹೆಸರಾಂತ ವರ್ಕ್‌ಔಟ್ ಇದೆ: ಗಂಡಸರು ಸುಮಾರು 61 ಕಿಲೋ ಬಾರ್‌ಬೆಲ್ಲನ್ನು 30 ಸಲ ಕ್ಲೀನ್ ಅಂಡ್ ಜರ್ಕ್ ಮಾಡಬೇಕು, ಆದಷ್ಟು ಬೇಗ. ಒಲಿಂಪಿಕ್ ವೇದಿಕೆಯಲ್ಲಿ ಅದೇ ಲಿಫ್ಟಿಗೆ ಸಿಗುವುದು ಮೂರು ಅವಕಾಶ. ಗ್ರೇಸ್‌ನಲ್ಲಿ ಇಪ್ಪತ್ತನೆಯ ಸಲ ದಾಟಿದ ಮೇಲೆ ಎಷ್ಟೋ ಜನರ ಬೆನ್ನು ಬಾಗಿರುತ್ತದೆ, ಮೊಣಕೈ ಕುಸಿದಿರುತ್ತದೆ. ಆ ಕೆಟ್ಟ ರೂಢಿಯೇ ಮೈಗೆ ಹತ್ತುತ್ತದೆ.

ಬಲ ಮತ್ತು ದಮ್ಮು ಒಂದಕ್ಕೊಂದು ಅಡ್ಡ ಬರುತ್ತವೆಯೇ ಅನ್ನುವುದನ್ನು 1980ರಲ್ಲೇ ರಾಬರ್ಟ್ ಹಿಕ್ಸನ್ ಅನ್ನುವ ಸಂಶೋಧಕ ಪರೀಕ್ಷಿಸಿದ್ದರು. ಹತ್ತು ವಾರದ ಅಭ್ಯಾಸ. ಎರಡನ್ನೂ ಮಾಡಿದವರ ಬಲ ಏಳೆಂಟು ವಾರ ಏರಿ, ಅಲ್ಲೇ ನಿಂತು, ಕೊನೆಗೆ ಇಳಿಯಿತು. ಹಾಗಂತ ಗಾಬರಿಯಾಗಬೇಡ. ಅವರು ಮಾಡಿಸಿದ್ದು ವಾರಕ್ಕೆ ಐದು ದಿನ ಭಾರ, ಆರು ದಿನ ಓಟ ಮತ್ತು ಸೈಕಲ್. ಎತ್ತಿನ ಮೈಯೂ ಸೋಲುವಷ್ಟು. ಪೆಟ್ಟು ಬೀಳುವುದು ಅತಿಯಾದಾಗ.

ಟಿಯಾ-ಕ್ಲೇರ್ ಟೂಮಿ ಹೆಸರು ಹೇಳಿ ನನ್ನ ಬಾಯಿ ಮುಚ್ಚಿಸಬಹುದು ಅಂತ ನಿನಗೆ ಅನ್ನಿಸಬಹುದು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ, ನಮ್ಮ ಕುಂದಾಪುರದ ಕಡೆಯ ಗುರುರಾಜ ಪೂಜಾರಿ ಬೆಳ್ಳಿ ಗೆದ್ದರಲ್ಲ, ಅದೇ ಕೂಟದಲ್ಲಿ ಈ ಕ್ರಾಸ್‌ಫಿಟ್ ಚಾಂಪಿಯನ್ ವೇಟ್‌ಲಿಫ್ಟಿಂಗ್‌ನ 58 ಕಿಲೋ ವಿಭಾಗದ ಚಿನ್ನ ಗೆದ್ದಳು. ನಿಜವೇ. ಆದರೆ ಅವಳಿಗೆ ಅಭ್ಯಾಸವೇ ಹೊಟ್ಟೆಪಾಡು. ಊಟ, ನಿದ್ದೆ, ಮಸಾಜು ಎಲ್ಲವೂ ಅದರ ಸುತ್ತ. ನೀನು ಕಾಲೇಜು ಮುಗಿಸಿ, ಬಸ್ಸಿನಲ್ಲಿ ನೇತಾಡಿಕೊಂಡು ಜಿಮ್‌ಗೆ ಬರುವವನು. ಗುರುರಾಜರೂ ಕುಸ್ತಿಯಿಂದ ಬಂದವರೇ, ಆದರೆ ಪದಕ ತಂದದ್ದು ಬಾರ್‌ಬೆಲ್ಲಿಗೆ ನಿಷ್ಠರಾದ ಮೇಲೆ.

ಒಂದು ಮಾತು ಮಾತ್ರ ಮರೆಯಲೇಬೇಡ. ಹೊಸಬರು ಛಲಕ್ಕೆ ಬಿದ್ದು ನೂರಾರು ಪುಲ್‌ಅಪ್, ಸ್ಕ್ವಾಟ್ ಹೊಡೆದರೆ ಸ್ನಾಯು ಒಡೆದು ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಕುತ್ತು ಬರಬಹುದು. ಮೈ ಊದಿಕೊಂಡು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮೈಕೈ ನೋವು ಅಂತ ಮಲಗಬೇಡ. ಆ ಕ್ಷಣವೇ ಆಸ್ಪತ್ರೆಗೆ ಹೋಗು.

ಉಳಿದದ್ದು ಸುಲಭ. ವಾರಕ್ಕೆ ಎರಡು ತರಗತಿ ಸಾಕು. ಸ್ಕ್ವಾಟ್, ಡೆಡ್‌ಲಿಫ್ಟಿನ ಹಿಂದಿನ ದಿನ ಬೇಡ. ಎರಡೂ ಒಂದೇ ದಿನ ಬಂದರೆ ಭಾರ ಬೆಳಿಗ್ಗೆ, ತರಗತಿ ಸಂಜೆ. ಗಡಿಯಾರ ಓಡುತ್ತಿರುವಾಗ ಭಾರದ ಬಾರ್‌ಬೆಲ್ ಮುಟ್ಟಬೇಡ, ರೋಯಿಂಗ್ ಕೊಡಿ ಅಂತ ಕೇಳು. ಪಕ್ಕದವನು ನಕ್ಕರೆ ನಗಲಿ. ಮೈದಣಿವು ಹೆಚ್ಚಿದಂತೆ ಮುದ್ದೆ, ಮೊಟ್ಟೆ, ನಿದ್ದೆ ಮೂರೂ ಹೆಚ್ಚಲಿ. ಸ್ಪರ್ಧೆಯ ದಿನಾಂಕ ಗೊತ್ತಾದ ದಿನವೇ ತರಗತಿಯ ಕೋಚ್‌ಗೆ ಹೇಳಿಬಿಡು: ಕೊನೆಯ ಎಂಟು ವಾರ ನೀನು ಬರುವುದಿಲ್ಲ ಅಂತ.