ಕೆಲಸದ ನಾಯಿಯ ಶಿಕ್ಷಣ

ನಾಯಿಯನ್ನು ಕುರಿತು ನಮ್ಮಲ್ಲಿ ಎರಡು ಮಾತುಗಳು ಬಹಳ ಬಳಕೆಯಲ್ಲಿವೆ. ನಾಯಿಯ ಬಾಲ ಯಾವಾಗಲೂ ಡೊಂಕು ಎಂಬುದು ಒಂದು. ನಾಯಿಗೆ ಕೆಲಸವಿಲ್ಲ, ನಿಲ್ಲಲು ಹೊತ್ತಿಲ್ಲ ಎಂಬುದು ಇನ್ನೊಂದು. ಮೊದಲನೆಯದು ನಾಯಿಗೆ ವಿದ್ಯೆ ಹತ್ತುವುದಿಲ್ಲವೆಂದು ಹೇಳುತ್ತದೆ. ಅದನ್ನು ನಾನು ಒಪ್ಪಲಾರೆ. ಎರಡನೆಯದನ್ನು ಕಟ್ಟಿದವರು ಮಾತ್ರ ನಾಯಿಯನ್ನು ಚೆನ್ನಾಗಿ ನೋಡಿದವರೇ ಆಗಿರಬೇಕು. ನಿಲ್ಲಲು ಹೊತ್ತಿಲ್ಲದ ಈ ಪ್ರಾಣಿಗೆ ನಿಜವಾಗಿ ಒಂದು ಕೆಲಸವನ್ನು ಕೊಟ್ಟರೆ ಏನಾಗುತ್ತದೆ? ಮನಶ್ಶಾಸ್ತ್ರದ ತರಗತಿಯಲ್ಲಿ ಪಾವ್ಲೋವನ ನಾಯಿಯ ಜೊಲ್ಲಿನ ವಿಚಾರವನ್ನು ಕೇಳಿದಾಗಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಪಾವ್ಲೋವನ ನಾಯಿ ಕಟ್ಟಿದ ಜಾಗದಲ್ಲಿ ನಿಂತು ಕಲಿತ ನಾಯಿ. ನಾನು ಇಲ್ಲಿ ಹೇಳಹೊರಟಿರುವುದು ಓಡುತ್ತ, ಹಾರುತ್ತ, ಕಚ್ಚುತ್ತ ಕಲಿಯುವ ನಾಯಿಯ ವಿಚಾರ.

ಜರ್ಮನಿಯಲ್ಲಿ ಮಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ನಿವೃತ್ತ ಅಶ್ವದಳದ ಅಧಿಕಾರಿಯೊಬ್ಬನಿದ್ದನು. 1899ರಲ್ಲಿ ಅವನು ಕಾರ್ಲ್ಸ್‌ರೂಹೆ ನಗರದ ನಾಯಿಗಳ ಪ್ರದರ್ಶನದಲ್ಲಿ ಒಂದು ಕುರುಬರ ನಾಯಿಯನ್ನು ಕೊಂಡು, ಅದಕ್ಕೆ ಹೋರಾಂಡ್ ಎಂದು ಹೆಸರಿಟ್ಟು, ಅದೇ ವರ್ಷ ಜರ್ಮನ್ ಷೆಪರ್ಡ್ ತಳಿಯ ಸಂಘವನ್ನು ಸ್ಥಾಪಿಸಿದನು. ಆ ಸಂಘದ ವಂಶಾವಳಿಯಲ್ಲಿ ಮೊದಲನೆಯ ಹೆಸರು ಹೋರಾಂಡನದೇ. ಕುರಿ ಕಾಯುವ ಕೆಲಸ ದಿನೇ ದಿನೇ ಕಡಮೆಯಾಗುತ್ತಿದ್ದ ಕಾಲ ಅದು. ಕೆಲಸ ತಪ್ಪಿದರೆ ನಾಯಿಯ ಗುಣವೂ ತಪ್ಪುತ್ತದೆ. ಮೈಬಣ್ಣ, ಕಿವಿಯ ನಿಲುವುಗಳನ್ನೇ ನೋಡಿ ತಳಿ ಬೆಳೆಸುವವರ ಕೈಗೆ ಸಿಕ್ಕಿದ ನಾಯಿ ನಾಲ್ಕಾರು ತಲೆಮಾರುಗಳಲ್ಲಿ ಗೊಂಬೆಯಾಗಿ ಬಿಡುತ್ತದೆ. ಇದನ್ನು ತಡೆಯಲು ನಾಯಿಯ ಮೂಗು, ವಿಧೇಯತೆ, ಧೈರ್ಯ ಈ ಮೂರನ್ನೂ ಒರೆಗೆ ಹಚ್ಚುವ ಪರೀಕ್ಷೆಯೊಂದು ಹುಟ್ಟಿತು. ಮೊದಲನೆಯ ಪರೀಕ್ಷೆ ನಡೆದದ್ದು 1901ರಲ್ಲಿ. ಅದರ ಹೆಸರು ಶುಟ್ಸ್‌ಹುಂಡ್, ಎಂದರೆ ರಕ್ಷಕ ನಾಯಿ. ಹೆಸರು ಹಲವು ಸಲ ಬದಲಾಗಿ, 2019ರಿಂದ ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ ಅದನ್ನು ಐ.ಜಿ.ಪಿ. ಎಂದು ಕರೆಯುತ್ತಾರೆ. ನಮ್ಮ ಪರೀಕ್ಷೆಗಳಂತೆ ಇದಕ್ಕೂ ಅಂಕಗಳುಂಟು: ಮೂರು ಭಾಗಗಳು, ಒಂದೊಂದಕ್ಕೆ 100. ಒಂದೊಂದು ಭಾಗದಲ್ಲಿಯೂ 70 ಅಂಕ ಬಾರದೆ ಉತ್ತೀರ್ಣತೆಯಿಲ್ಲ. ಒಂದರಲ್ಲಿ ಹೆಚ್ಚು ಬಂದಿತೆಂದು ಇನ್ನೊಂದರ ಕೊರತೆಯನ್ನು ಮನ್ನಿಸುವ ಪದ್ಧತಿಯೂ ಇಲ್ಲ. ಒಟ್ಟು 286 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅತ್ಯುತ್ತಮ ದರ್ಜೆ.

ಮೊದಲನೆಯ ಭಾಗ ಹೆಜ್ಜೆಯ ಜಾಡು ಹಿಡಿಯುವುದು. ಮೇಲ್ದರ್ಜೆಯ ಪರೀಕ್ಷೆಯಲ್ಲಿ ಅಪರಿಚಿತನೊಬ್ಬನು ಹೊಲದಲ್ಲಿ 600 ಹೆಜ್ಜೆ ನಡೆದು, ದಾರಿಯಲ್ಲಿ ಮೂರು ಸಣ್ಣ ವಸ್ತುಗಳನ್ನು ಬಿಟ್ಟು ಹೋಗಿರುತ್ತಾನೆ. ಒಂದು ಗಂಟೆ ಕಳೆದ ಮೇಲೆ ನಾಯಿ, 10 ಮೀಟರ್ ಹಗ್ಗದ ತುದಿಯಲ್ಲಿ ಒಡೆಯನನ್ನು ಹಿಂದಿಟ್ಟುಕೊಂಡು, ಆ ಜಾಡಿನಲ್ಲಿ ಸಾಗಿ ವಸ್ತುಗಳನ್ನು ತೋರಿಸಬೇಕು. ಆತುರದ ನಾಯಿಗೆ ಇದು ಬಹಳ ಕಷ್ಟ. ಅದರ ಆತುರವನ್ನು ಬೈದು ತಗ್ಗಿಸಲಾಗದು. ಆದ್ದರಿಂದ ಹಸಿದ ನಾಯಿಗೆ ಒಂದೊಂದು ಹೆಜ್ಜೆಯ ಗುರುತಿನಲ್ಲಿಯೂ ಆಹಾರದ ಒಂದೊಂದು ತುಣುಕನ್ನಿಟ್ಟು ಆರಂಭಿಸುತ್ತಾರೆ. ಓಡಿದರೆ ತುಣುಕು ತಪ್ಪುತ್ತದೆ. ನಿಧಾನವೇ ಲಾಭವೆಂದು ನಾಯಿಗೆ ತಾನಾಗಿಯೇ ತಿಳಿಯುತ್ತದೆ. ಈ ಭಾಗವನ್ನು ಇಷ್ಟಕ್ಕೇ ಬಿಡುತ್ತೇನೆ. ನೋಡುವವರಿಗೆ ಇದು ಸ್ವಲ್ಪ ಬೇಸರದ ಆಟ.

ಮುಂದೆ ಹೋಗುವ ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕೆಲಸದ ನಾಯಿಯಲ್ಲಿ ತಜ್ಞರು ಮುಖ್ಯವಾಗಿ ಹುಡುಕುವುದು ಬುದ್ಧಿಯನ್ನಲ್ಲ, ತುಡಿತವನ್ನು. ಓಡುವುದನ್ನು ಅಟ್ಟಿ ಹಿಡಿಯಬೇಕೆಂಬುದು ಬೇಟೆಯ ತುಡಿತ. ತನ್ನ ಮೇಲೆ ಬಂದದ್ದನ್ನು ಎದುರಿಸಬೇಕೆಂಬುದು ರಕ್ಷಣೆಯ ತುಡಿತ. ಹೊರಗಿನಿಂದ ನೋಡಿದರೆ ಎರಡೂ ಕಚ್ಚುವುದೇ. ಒಳಗೆ ಮಾತ್ರ ಅಜಗಜಾಂತರವಿದೆ. ಬೇಟೆಯಾಡುವ ನಾಯಿ ಸಂತೋಷದಲ್ಲಿರುತ್ತದೆ. ರಕ್ಷಣೆಗೆ ನಿಂತ ನಾಯಿಯೊಳಗೆ ಒಂದು ಎಳೆ ಭಯವಿರುತ್ತದೆ. ಬೆಲ್ಜಿಯಮ್ಮಿನ ಮಾಲಿನ್ ಪಟ್ಟಣದ ಹೆಸರನ್ನು ಹೊತ್ತ ಮಾಲಿನ್ವಾ ನಾಯಿ, 1891ರಲ್ಲಿ ಪಶುವೈದ್ಯ ಪ್ರಾಧ್ಯಾಪಕ ಆಡೋಲ್ಫ್ ರ್ಯೂಲ್ ಅಲ್ಲಿಯ ಕುರುಬರ ನಾಯಿಗಳನ್ನು ಕಲೆಹಾಕಿ ವಿಂಗಡಿಸಿದ ಬಗೆಗಳಲ್ಲಿ ಒಂದು. ಅದರ ಬೇಟೆಯ ತುಡಿತ ಎಷ್ಟೆಂದರೆ, ಚೆಂಡಿಗಾಗಿ ಅದು ಗೋಡೆಯನ್ನು ಹಾಯುತ್ತದೆ, ಊಟವನ್ನು ಮರೆಯುತ್ತದೆ. ಮನೆಯವರಿಗೆ ತಲೆನೋವಾಗುವ ಈ ಗುಣವೇ ಶಿಕ್ಷಕನಿಗೆ ಬಂಡವಾಳ.

ಬಂಡವಾಳವನ್ನು ಹೂಡುವ ಬಗೆ ಎರಡನೆಯ ಭಾಗವಾದ ವಿಧೇಯತೆಯಲ್ಲಿ ಕಾಣುತ್ತದೆ. ಹಗ್ಗವಿಲ್ಲದೆ ನಾಯಿ ಒಡೆಯನ ಎಡಮೊಣಕಾಲಿಗೆ ಹೊಂದಿಕೊಂಡು ನಡೆಯಬೇಕು. ನಡುವೆ ಎರಡು ಸಲ ಗುಂಡಿನ ಸದ್ದಾದರೂ ಬೆದರಬಾರದು. ಜನರ ಗುಂಪಿನೊಳಗೆ ಹಾದು ಬರಬೇಕು. ಮರದ ಡಂಬೆಲ್ಲನ್ನು ಬೇಲಿ ಹಾರಿ, ಇಳಿಜಾರು ಹಲಗೆಯ ಗೋಡೆಯನ್ನು ಹತ್ತಿ ತರಬೇಕು. ಇನ್ನೊಂದು ನಾಯಿ ಕೆಲಸ ಮಾಡುತ್ತಿರುವಾಗ ತಾನು ಮಲಗಿದಲ್ಲಿಯೇ ಮಲಗಿರಬೇಕು. ಇಲ್ಲಿ ತೀರ್ಪುಗಾರನು ಕೇವಲ ಸರಿತಪ್ಪನ್ನು ನೋಡುವುದಿಲ್ಲ. ಬಾಲ ಇಳಿಬಿಟ್ಟು, ಮುಖ ಬಾಡಿಸಿಕೊಂಡು ಸರಿಯಾಗಿ ನಡೆದ ನಾಯಿಗೂ ಅಂಕ ಕಡಮೆ. ಉತ್ಸಾಹವೂ ಬೇಕು, ನಿಖರತೆಯೂ ಬೇಕು.

ಈ ಎರಡೂ ಒಟ್ಟಿಗೆ ಹೇಗೆ ಬರಬೇಕು? ಅಮೆರಿಕದ ಡೇವಿಡ್ ಪ್ರಿಮ್ಯಾಕ್ 1959ರಲ್ಲಿ ಒಂದು ತತ್ತ್ವವನ್ನು ಮಂಡಿಸಿದನು: ಪ್ರಾಣಿ ತಾನಾಗಿ ಹೆಚ್ಚು ಮಾಡಬಯಸುವ ಕೆಲಸವನ್ನು, ಅದು ಕಡಮೆ ಬಯಸುವ ಕೆಲಸಕ್ಕೆ ಬಹುಮಾನವಾಗಿ ಕೊಡಬಹುದು. ನಮ್ಮ ತಾಯಂದಿರು ಪಾಠ ಓದಿ ಮುಗಿಸಿದರೆ ಆಟಕ್ಕೆ ಬಿಡುತ್ತೇನೆಂದು ಹೇಳುತ್ತಿದ್ದುದು ಇದನ್ನೇ. ನಾಯಿಗೆ ಚೆಂಡನ್ನು ಅಟ್ಟುವ ಆಸೆ. ಕುಳಿತುಕೊಳ್ಳುವ ಆಸೆ ಇಲ್ಲ. ಕುಳಿತ ಕ್ಷಣವೇ ಚೆಂಡು ಹಾರಿದರೆ, ಕೂರುವುದೇ ಚೆಂಡಿನ ಬಾಗಿಲೆಂದು ನಾಯಿ ಅರಿಯುತ್ತದೆ. ಆದರೆ ಕ್ಷಣ ತಪ್ಪಬಾರದು. ಕುಳಿತು, ಎದ್ದು, ಬೊಗಳಿದ ಮೇಲೆ ಚೆಂಡು ಹಾರಿದರೆ ಅದು ಕಲಿಯುವುದು ಬೊಗಳುವುದನ್ನು. ಆದ್ದರಿಂದ ಶಿಕ್ಷಕರು ಒಂದು ಚಿಕ್ಕ ಮಾತನ್ನು ಗೊತ್ತುಮಾಡಿಕೊಳ್ಳುತ್ತಾರೆ. ಸರಿಯಾದ ಕ್ಷಣದಲ್ಲಿ ಆ ಮಾತು, ಅದರ ಹಿಂದೆ ಬಹುಮಾನ. ಕೈಗಿಂತ ನಾಲಿಗೆ ಬೇಗ ಆಡುತ್ತದಲ್ಲವೆ?

ಇನ್ನೊಂದು ತೊಡಕು ಉಂಟು. ಚೆಂಡನ್ನು ಕಂಡ ಕೂಡಲೇ ಕಿವಿ ಕೇಳಿಸದಷ್ಟು ಉದ್ರೇಕಗೊಳ್ಳುವ ನಾಯಿಗೆ ಸೂಕ್ಷ್ಮವಾದ ಪಾಠ ಹತ್ತುವುದಿಲ್ಲ. ಯರ್ಕ್ಸ್ ಮತ್ತು ಡಾಡ್‌ಸನ್ ಎಂಬ ವಿದ್ವಾಂಸರು 1908ರಲ್ಲಿ ಇಲಿಮರಿಗಳ ಮೇಲೆ ಪ್ರಯೋಗ ನಡೆಸಿ, ಕಷ್ಟದ ಕಲಿಕೆಗೆ ಅತಿಯಾದ ಉದ್ರೇಕ ಅಡ್ಡಿಯೆಂಬುದನ್ನು ತೋರಿಸಿದರು. (ಪರೀಕ್ಷೆಯ ಹಿಂದಿನ ರಾತ್ರಿ ನಮ್ಮ ವಿದ್ಯಾರ್ಥಿನಿಲಯದ ಸ್ಥಿತಿಯನ್ನು ಬಲ್ಲವರಿಗೆ ಇಲಿಯ ಸಾಕ್ಷ್ಯ ಬೇಕಾಗಿಲ್ಲ.) ಆದ್ದರಿಂದ ಹೊಸ ಪಾಠವನ್ನು ಆಹಾರದಿಂದ ತಣ್ಣಗೆ ಕಲಿಸಿ, ಅದು ಮೈಗೂಡಿದ ಮೇಲೆ ಚೆಂಡನ್ನು ತರುತ್ತಾರೆ. ಆಮೇಲೆ ಚೆಂಡು ಕಣ್ಣೆದುರಿಗಿದ್ದರೂ ಸುಮ್ಮನಿರುವುದನ್ನು, ಮೊದಲು ಒಂದು ಕ್ಷಣ, ಆಮೇಲೆ ಐದು, ಆಮೇಲೆ ಇಪ್ಪತ್ತು ಎಂದು ಏರಿಸುತ್ತಾರೆ. ಒಲೆಯ ಮೇಲಿನ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಉರಿ ಆರುವುದಿಲ್ಲ, ಉಕ್ಕುವುದೂ ಇಲ್ಲ.

ಮೂರನೆಯ ಭಾಗವಾದ ರಕ್ಷಣೆಯೇ ಜನ ನೋಡಲು ನೆರೆಯುವ ಭಾಗ, ಜನ ತಪ್ಪು ತಿಳಿಯುವ ಭಾಗವೂ ಹೌದು. ಬಯಲಿನಲ್ಲಿ ಆರು ಮರೆಗಳಿರುತ್ತವೆ. ನಾಯಿ ಒಂದೊಂದನ್ನೂ ಸುತ್ತಿ ಹುಡುಕುತ್ತ ಬಂದು, ಕೊನೆಯದರಲ್ಲಿ ಅಡಗಿ ನಿಂತ ಸಹಾಯಕನನ್ನು ಕಾಣುತ್ತದೆ. ಅವನು ಅಲುಗಾಡದೆ ನಿಂತಿದ್ದಾನೆ. ಆದ್ದರಿಂದ ಅವನನ್ನು ಮುಟ್ಟಕೂಡದು, ಎದುರಿಗೆ ನಿಂತು ಬೊಗಳಬೇಕು. ಅವನು ಓಡಿದರೆ ತಡೆದು ಹಿಡಿಯಬೇಕು. ಮೇಲೆ ಬಿದ್ದರೆ ತೋಳನ್ನು ಕಚ್ಚಿ ನಿಲ್ಲಬೇಕು. ತೋಳಿಗೆ ಸೆಣಬಿನ ಹೊದಿಕೆಯ ದಪ್ಪ ಕವಚವಿರುತ್ತದೆ. ಕೈಯಲ್ಲಿ ಮೆತ್ತನೆಯ ಕೋಲಿರುತ್ತದೆ. ಒಡೆಯನು ಬಿಡು ಎಂದರೆ ಬಿಡಬೇಕು. ಮೊದಲ ಆಜ್ಞೆಗೆ ಬಿಡದಿದ್ದರೆ ಅಂಕ ಹೋಗುತ್ತದೆ. ಮೂರನೆಯದಕ್ಕೂ ಬಿಡದಿದ್ದರೆ ನಾಯಿಯನ್ನೇ ಪರೀಕ್ಷೆಯಿಂದ ಹೊರಗಿಡುತ್ತಾರೆ. ಅಲ್ಲಿಯವರೆಗೆ ಗಳಿಸಿದ ಅಂಕವೆಲ್ಲ ನೀರುಪಾಲು.

ಇದಕ್ಕೆ ಸಿದ್ಧತೆ ಮರಿಯಾಗಿರುವಾಗಲೇ ಒಂದು ಚಿಂದಿ ಬಟ್ಟೆಯಿಂದ ಆರಂಭವಾಗುತ್ತದೆ. ಚಿಂದಿಯನ್ನು ಮರಿಯ ಬಾಯಿಗೆ ತುರುಕುವುದಿಲ್ಲ. ಮೊಲ ಓಡುವಂತೆ ಅದರಿಂದ ದೂರಕ್ಕೆ ಎಳೆಯುತ್ತಾರೆ. ಮರಿ ಹಿಡಿದರೆ ಸ್ವಲ್ಪ ಗುದ್ದಾಡಿ ಗೆಲ್ಲಬಿಡುತ್ತಾರೆ. ಗೆದ್ದ ಮರಿ ತಲೆಯೆತ್ತಿ ಚಿಂದಿಯನ್ನು ಹೊತ್ತು ಸುತ್ತುತ್ತದೆ. ಚಿಂದಿ ಮುಂದೆ ದಿಂಬಾಗುತ್ತದೆ, ದಿಂಬು ತೋಳುಗವಚವಾಗುತ್ತದೆ. ಕಚ್ಚಿದ ಬಗೆಯನ್ನು ಬಲ್ಲವರು ಬಹಳ ಗಮನಿಸುತ್ತಾರೆ. ಬಾಯಿ ತುಂಬ ಹಿಡಿದು ಸದ್ದಿಲ್ಲದೆ ನಿಂತರೆ ಮನಸ್ಸು ಸ್ಥಿರವಾಗಿದೆಯೆಂದು ಅರ್ಥ. ಮುಂದಿನ ಹಲ್ಲುಗಳಿಂದ ಹಿಡಿದು ಅಗಿಯುತ್ತ, ಗುರುಗುಟ್ಟುತ್ತಿದ್ದರೆ ಒಳಗೆ ಅಳುಕಿದೆಯೆಂದು ಅರ್ಥ. ಬಹಳ ಅಬ್ಬರಿಸುವ ನಾಯಿಯೇ ಧೀರ ನಾಯಿಯೆಂಬ ನಮ್ಮ ಬೀದಿಯ ನಂಬಿಕೆಗೆ ಇದು ತದ್ವಿರುದ್ಧ.

ಬಿಡಿಸುವುದಂತೂ ಕಚ್ಚಿಸುವುದಕ್ಕಿಂತ ಹತ್ತುಪಾಲು ಕಷ್ಟ. ಕಚ್ಚಿದ ನಾಯಿಯನ್ನು ಹಗ್ಗ ಹಿಡಿದು ಹಿಂದಕ್ಕೆ ಎಳೆದರೆ ಅದು ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಶಿಕ್ಷಕರು ಹಿಡಿತವನ್ನು ಬಲಪಡಿಸಬೇಕೆಂದಾಗ ಬೇಕೆಂದೇ ಹಾಗೆ ಎಳೆಯುತ್ತಾರೆ. ಅಂದ ಮೇಲೆ ಬಿಡಿಸಲು ಎಳೆಯುವವನು ಹಿಡಿಯುವುದನ್ನೇ ಕಲಿಸುತ್ತಿದ್ದಾನೆ. ಸರಿಯಾದ ದಾರಿ ಬೇರೆ. ಸಹಾಯಕನು ಕಲ್ಲಿನಂತೆ ನಿಂತುಬಿಡುತ್ತಾನೆ. ಬೇಟೆ ಸತ್ತಿತು, ರುಚಿ ಹೋಯಿತು. ನಾಯಿ ಬಾಯಿ ಸಡಿಲಿಸಿ ಎವೆಯಿಕ್ಕದೆ ಅವನನ್ನು ನೋಡುತ್ತದೆ. ಆಗ ಅವನಲ್ಲಿ ಮತ್ತೆ ಜೀವ ಬರುತ್ತದೆ, ನಾಯಿಗೆ ಮತ್ತೆ ಕಚ್ಚಲು ಸಿಗುತ್ತದೆ. ಹೀಗೆ ನೂರಾರು ಸಲ ನಡೆದ ಮೇಲೆ ಬಿಡುವುದು ಕಳೆದುಕೊಳ್ಳುವುದಲ್ಲ, ಮತ್ತೆ ಪಡೆಯುವ ಉಪಾಯ ಎಂದು ನಾಯಿ ತಿಳಿಯುತ್ತದೆ. ಪ್ರಿಮ್ಯಾಕನ ತತ್ತ್ವವೇ ಇಲ್ಲಿಯೂ.

ಈ ಬಿಡುವಿಕೆಯ ವಿಚಾರವನ್ನು ಓದುವಾಗಲೆಲ್ಲ ನನಗೆ ನೆನಪಾಗುವುದು ನಮ್ಮ ಆತಕೂರಿನ ಶಾಸನ. ಕ್ರಿ. ಶ. 949-50ರ ಈ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನು ತನ್ನ ಪರಾಕ್ರಮಕ್ಕೆ ಮೆಚ್ಚಿ ಬೇಕಾದುದನ್ನು ಕೇಳೆಂದಾಗ, ಗಂಗ ಬೂತುಗನ ಭಟನಾದ ಮಣಲೆರನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಅದನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಹೋರಾಡಿ ಒಟ್ಟಿಗೆ ಸತ್ತವು. ಕಾಳಿಯಲ್ಲಿದ್ದುದು ಅಪ್ಪಟವಾದ ತುಡಿತ, ಅದಕ್ಕೆ ಮಣಲೆರನು ನಿಲ್ಲಿಸಿದ ಕಲ್ಲು ನ್ಯಾಯವಾದದ್ದೇ. ಆದರೆ ಕಾಳಿಯನ್ನು ಯಾರೂ ಹಿಂದಕ್ಕೆ ಕರೆಯಬೇಕಾಗಿರಲಿಲ್ಲ. ಪೇಟೆಯ ಬೀದಿಯಲ್ಲಿ, ಮಕ್ಕಳ ನಡುವೆ ಬಾಳಬೇಕಾದ ನಾಯಿಗೆ ಕಾಳಿಯ ಶೌರ್ಯವೊಂದೇ ಸಾಲದು.

ಹಾಗಾದರೆ ದಂಡನೆ? ಸಾರ್‌ಬ್ರೂಕನ್ನಿನ ಪೊಲೀಸ್ ಅಧಿಕಾರಿ ಕೊನ್ರಾಡ್ ಮೋಸ್ಟ್ 1910ರಲ್ಲಿ ನಾಯಿಗಳ ಶಿಕ್ಷಣದ ಮೇಲೆ ಬರೆದ ಪುಸ್ತಕ ಬಹುಕಾಲ ಪ್ರಮಾಣವೆನಿಸಿತ್ತು. ಬಿ. ಎಫ್. ಸ್ಕಿನ್ನರನ ಪ್ರಸಿದ್ಧ ಗ್ರಂಥ 1938ರಲ್ಲಿ ಬರುವ ಎಷ್ಟೋ ಮೊದಲೇ, ನಡತೆಯನ್ನು ಬೆಳೆಸುವುದೂ ಅಳಿಸುವುದೂ ಅದರ ಫಲವೇ ಎಂಬುದನ್ನು ಮೋಸ್ಟ್ ಕಂಡುಕೊಂಡಿದ್ದನು. ಆದರೆ ಅವನ ಕ್ರಮದಲ್ಲಿ ಬಲವಂತಕ್ಕೆ ದೊಡ್ಡ ಪಾಲಿತ್ತು. ಮುಳ್ಳಿನ ಪಟ್ಟಿ, ಮುಂದೆ ವಿದ್ಯುತ್ ಪಟ್ಟಿ, ಈ ಪರಂಪರೆಯಲ್ಲಿ ಬಂದವು. ಜರ್ಮನಿಯ ಸರ್ವೋಚ್ಚ ಆಡಳಿತ ನ್ಯಾಯಾಲಯ 2006ರಲ್ಲಿ ವಿದ್ಯುತ್ ಪಟ್ಟಿಯ ಬಳಕೆ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ನಾಯಿಯ ಶಿಕ್ಷಣದಲ್ಲಿ ಮುಳ್ಳಿನ ಪಟ್ಟಿಯೇ ಮುಂತಾದ ನೋವಿನ ಸಾಧನಗಳನ್ನು ನಿಷೇಧಿಸುವ ನಿಯಮ 2022ರ ಜನವರಿ 1ರಿಂದ ಅಲ್ಲಿ ಜಾರಿಗೆ ಬಂದಿತು. ತುಡಿತ ಉಕ್ಕಿದ ನಾಯಿಯನ್ನು ನೋವಿಲ್ಲದೆ ನಿಲ್ಲಿಸಲಾಗದೆಂದು ವಾದಿಸುವ ಅನುಭವಿಗಳು ಈಗಲೂ ಇದ್ದಾರೆ. ಅವರ ವಾದವನ್ನು ಪೂರ್ತಿ ತಳ್ಳಿಹಾಕಲು ನಾನು ಸಿದ್ಧನಿಲ್ಲ. ನಾಲ್ಕು ಜನರ ಪ್ರಾಣಕ್ಕೆ ಹೊಣೆಯಾದ ಪೊಲೀಸಿನವನ ಕಷ್ಟ ಬೇರೆ. ಆದರೆ ಆಟದ ಪರೀಕ್ಷೆಗೆಂದು ನೋಯಿಸುವುದಕ್ಕೆ ಯಾವ ಸಮರ್ಥನೆಯೂ ನನಗೆ ತೋರದು. ಉದ್ರೇಕದಲ್ಲಿರುವ ನಾಯಿ ನೋವನ್ನು ಎದುರಿಗಿರುವ ಮನುಷ್ಯನ ಲೆಕ್ಕಕ್ಕೆ ಬರೆದು ಇನ್ನೂ ಕೆರಳುವುದುಂಟು. ಇದು ಕರುಣೆಯ ಮಾತಲ್ಲ, ಕಲಿಕೆಯ ಮಾತು.

ನಮ್ಮ ನಾಡಿನಲ್ಲಿಯೂ ಈ ವಿದ್ಯೆ ಇದೆ. ಕೇಂದ್ರ ಮೀಸಲು ಪೊಲೀಸ್ ಪಡೆಯವರು ಬೆಂಗಳೂರಿನ ಬಳಿಯ ತರಳುವಿನಲ್ಲಿ 2011ರಲ್ಲಿ ನಾಯಿಗಳ ಶಾಲೆಯನ್ನು ತೆರೆದು ಮಾಲಿನ್ವಾಗಳನ್ನು ಬೆಳೆಸಿ ತಯಾರು ಮಾಡಿದ್ದಾರೆ. ಮುಧೋಳದ ನಾಯಿಗಳನ್ನು 2016ರಲ್ಲಿ ಸೈನ್ಯದವರು ಮೀರತ್ತಿಗೆ ಒಯ್ದು ಪಳಗಿಸಿದರು. ಮುಧೋಳದ್ದು ಕಣ್ಣಿನಿಂದ ಬೇಟೆಯಾಡುವ ಜಾತಿ. ಅದರ ವರ ಓಟವೇ ಹೊರತು ತೋಳು ಹಿಡಿದು ನಿಲ್ಲುವುದಲ್ಲ. ಒಂದು ಅಳತೆಯಿಂದ ಎಲ್ಲ ನಾಯಿಗಳನ್ನೂ ಅಳೆಯುವುದು ಸರಿಯಲ್ಲ. ಪತ್ರಿಕೆಯಲ್ಲಿ ಚಿತ್ರ ನೋಡಿ ಮಾಲಿನ್ವಾ ಮರಿಯನ್ನು ಕೊಂಡು, ಪೇಟೆಯ ಮನೆಯ ತಾರಸಿಯಲ್ಲಿ ಸರಪಣಿಗೆ ಕಟ್ಟುವವರಿಗೆ ಮೊದಲು ಹೇಳಿದ ಗಾದೆಯ ಅರ್ಥ ಆರು ತಿಂಗಳಲ್ಲಿ ಆಗುತ್ತದೆ.

ಕಚ್ಚುವುದನ್ನು ಕಲಿಸುವ ಗೋಜಿಗೆ ಅನುಭವಿಯ ನೆರವಿಲ್ಲದೆ ಯಾರೂ ಹೋಗಬಾರದು. ಬಿಡುವುದನ್ನು ಕಲಿಸಲು ಮಾತ್ರ ಯಾವ ಮನೆಯ ನಾಯಿಯಾದರೂ ಸಾಕು. ಒಂದೇ ಬಗೆಯ ಎರಡು ಚೆಂಡುಗಳನ್ನು ತೆಗೆದುಕೊಳ್ಳಿ. ಒಂದನ್ನು ಎಸೆಯಿರಿ. ನಾಯಿ ಅದನ್ನು ಕಚ್ಚಿಕೊಂಡು ಬಂದಾಗ ಬಾಯಿಗೆ ಕೈ ಹಾಕದೆ, ನಿಮ್ಮಲ್ಲಿರುವ ಚೆಂಡನ್ನು ಕುಣಿಸಿರಿ. ಬಾಯಿಯ ಚೆಂಡು ಕೆಳಗೆ ಬಿದ್ದೊಡನೆ ಕೈಯಲ್ಲಿರುವುದನ್ನು ಎಸೆಯಿರಿ. ನಾಲ್ಕೈದು ದಿನ ಏನೂ ಮಾತಾಡಬೇಡಿ. ಚೆಂಡು ಬೀಳುವುದು ಖಂಡಿತವೆಂದು ತೋರಿದ ಮೇಲೆ, ಅದು ಬೀಳುವುದಕ್ಕೆ ಒಂದು ಕ್ಷಣ ಮುಂಚೆ, ಮೆಲ್ಲನೆಯ ದನಿಯಲ್ಲಿ, ಒಂದೇ ಸಲ, ಬಿಡು ಎನ್ನಿ.