ನಾಲ್ಕು ಸ್ಟಿಕ್ ಬೇಡ, ಎರಡು ಸಾಕು

ನೀನು ವಾಟ್ಸಾಪಿನಲ್ಲಿ ಕಳಿಸಿದ ಪಟ್ಟಿಯನ್ನು ನಿನ್ನೆ ರಾತ್ರಿ ಊಟವಾದ ಮೇಲೆ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದೆ ಕಣಮ್ಮ. ರೈಜನ್ 9000 ಸಾಲಿನ ಪ್ರೊಸೆಸರ್, ಸರಿ. ಎಸ್‌ಎಂಪಿಎಸ್‌ನಲ್ಲಿ ಜುಗ್ಗತನ ಮಾಡಿಲ್ಲ, ಸಂತೋಷ. ರ‍್ಯಾಮ್ ಸಾಲಿಗೆ ಬಂದಾಗ ಮಾತ್ರ ಬೆರಳು ನಿಂತುಹೋಯಿತು. 16 ಜಿಬಿಯ ನಾಲ್ಕು ಸ್ಟಿಕ್, 6400, ಬಣ್ಣಬಣ್ಣದ ಲೈಟು. ಸಾಲದ್ದಕ್ಕೆ ಪಕ್ಕದಲ್ಲಿ ‘ಎಕ್ಸ್‌ಪೋ ಆನ್ ಮಾಡಿದ್ರೆ ಫುಲ್ ಸ್ಪೀಡ್ ಮಾವ’ ಅಂತ ಬೇರೆ ಬರೆದಿದ್ದೀಯ.

ಮೂವತ್ತು ವರ್ಷದಿಂದ ತಿಪಟೂರಿನಲ್ಲಿ ಕಂಪ್ಯೂಟರ್ ಜೋಡಿಸಿಕೊಂಡು ಬದುಕಿದವನು ನಾನು. ಆ ಫುಲ್ ಸ್ಪೀಡಿನ ಆಸೆಗೆ ನಾನೂ ಬಿದ್ದವನೇ. ಬಿದ್ದ ಕಥೆಯನ್ನು ಮೊದಲು ಹೇಳಿಬಿಡುತ್ತೇನೆ. ನಿಮ್ಮಮ್ಮನಿಗೂ ಇದು ಗೊತ್ತಿಲ್ಲ.

2019ರ ಮದುವೆ ಸೀಸನ್. ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದ ಒಬ್ಬರಿಗೆ ಹೊಸ ಸಿಸ್ಟಂ ಜೋಡಿಸಿಕೊಟ್ಟಿದ್ದೆ. ಮೊದಲು 8 ಜಿಬಿಯ ಎರಡು ಡಿಡಿಆರ್4 ಸ್ಟಿಕ್ ಹಾಕಿದ್ದು. ಎರಡು ತಿಂಗಳಿಗೇ ಸಾಲದೆ ಬಂತು. ಅದೇ ಕಂಪನಿ, ಅದೇ ಮಾಡೆಲ್‌ನ ಇನ್ನೂ ಎರಡು ತಂದು ಸಿಕ್ಕಿಸಿ, ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಆನ್ ಮಾಡಿ 3600ಕ್ಕೆ ಏರಿಸಿದೆ. ಸಿಸ್ಟಂ ಆನ್ ಆಯಿತು, ವಿಂಡೋಸ್ ಬಂತು, ಫೋಟೊಶಾಪ್ ತೆರೆದುಕೊಂಡಿತು. ‘ರಾಕೆಟ್ ಆಗಿದೆ ಸಾರ್’ ಅಂತ ಹೇಳಿ ದುಡ್ಡು ಎಣಿಸಿಕೊಂಡು ಬಂದೆ.

ಮೂರು ವಾರ ಕಳೆದ ಮೇಲೆ ಅವರಿಂದ ಫೋನ್. ಹೋಗಿ ನೋಡಿದರೆ ಪರದೆಯ ಮೇಲೆ ಧಾರೆಯ ಫೋಟೊ. ಮೇಲಿನ ಮುಕ್ಕಾಲು ಭಾಗ ಚೆನ್ನಾಗಿದೆ: ಬಾಸಿಂಗ, ಹುಡುಗಿಯ ತಗ್ಗಿಸಿದ ಕಣ್ಣು, ಹಿಂದೆ ನಿಂತ ಸೋದರತ್ತೆಯ ಮೂಗುತಿ. ಧಾರೆ ಎರೆಯುವ ಕೈಗಳ ಹತ್ತಿರ ಚಿತ್ರ ಒಂದು ಗೆರೆ ಎಳೆದ ಹಾಗೆ ಮುರಿದು ಪಕ್ಕಕ್ಕೆ ಸರಿದಿದೆ. ಅಲ್ಲಿಂದ ಕೆಳಗೆ ಪೂರ್ತಿ ಹಸಿರು, ಗುಲಾಬಿ ಪಟ್ಟಿ. ಒಂದೇ ಫೋಟೊ ಅಲ್ಲ. ಆ ಮದುವೆಯದ್ದೇ ಇಪ್ಪತ್ತಕ್ಕೂ ಹೆಚ್ಚು ಹೀಗಾಗಿದ್ದವು. ಕ್ಯಾಮೆರಾದಲ್ಲಿ ಸರಿಯಾಗಿಯೇ ತೆಗೆದಿದ್ದರು. ಕಾರ್ಡಿನಿಂದ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡಿದ್ದರು, ಮರುದಿನ ಇನ್ನೊಂದು ಮದುವೆಗೆ ಬೇಕೆಂದು ಕಾರ್ಡ್ ಫಾರ್ಮ್ಯಾಟ್ ಮಾಡಿದ್ದರು. ಮಾಡದೆ ಇನ್ನೇನು ಮಾಡುತ್ತಾರೆ?

ಅಂದು ರಾತ್ರಿ ಪೆನ್‌ಡ್ರೈವಿನಲ್ಲಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿಕೊಂಡು ಹೋಗಿ ಓಡಿಸಿದೆ. ಮೊದಲ ಸುತ್ತು ಶುದ್ಧ. ಎರಡನೆಯದೂ ಶುದ್ಧ. ಮೂರನೆಯ ಸುತ್ತಿನಲ್ಲಿ, ಬೆಳಗಿನ ಜಾವದ ಹೊತ್ತಿಗೆ, ಕೆಂಪು ಸಾಲುಗಳು ಬಂದವು. ಎಕ್ಸ್‌ಎಂಪಿ ಆಫ್ ಮಾಡಿ ಮತ್ತೆ ಓಡಿಸಿದರೆ ಒಂದೂ ಎರರ್ ಇಲ್ಲ. ಸ್ಟಿಕ್ ಒಂದೂ ಕೆಟ್ಟಿರಲಿಲ್ಲ ಅಂತಾಯಿತು. ಕೆಟ್ಟಿದ್ದು ನನ್ನ ಬುದ್ಧಿ.

ಹಾರ್ಡ್‌ಡಿಸ್ಕ್ ಕೆಟ್ಟರೆ ಕರಕರ ಅನ್ನುತ್ತದೆ, ಎಸ್‌ಎಂಪಿಎಸ್ ಹೋದರೆ ಸುಟ್ಟ ವಾಸನೆ ಬರುತ್ತದೆ. ರ‍್ಯಾಮ್ ಪೂರ್ತಿ ಸತ್ತರೆ ಡಿಸ್‌ಪ್ಲೇ ಬರುವುದಿಲ್ಲ, ಬೀಪ್ ಹೊಡೆಯುತ್ತದೆ, ಅದೂ ವಾಸಿ. ಅರೆಬರೆ ತಪ್ಪುವ ರ‍್ಯಾಮ್ ಮಾತ್ರ ಮುಗುಮ್ಮಾಗಿ ಕೂತು ಒಂದರ ಜಾಗದಲ್ಲಿ ಸೊನ್ನೆ ಬರೆದುಬಿಡುತ್ತದೆ. ಜೆಪೆಗ್ ಫೈಲಿನಲ್ಲಿ ಒಂದು ಬಿಟ್ ಬದಲಾದರೂ ಸಾಕು, ಮುಂದಿನದನ್ನು ಹಿಂದಿನದರ ಆಧಾರದಲ್ಲಿ ಬಿಡಿಸುವ ಲೆಕ್ಕ ಅದು. ಒಂದು ಹೊಲಿಗೆ ತಪ್ಪಿದ ಸ್ವೆಟರ್ ಹಾಗೆ ಅಲ್ಲಿಂದಾಚೆ ಎಲ್ಲ ಬಿಚ್ಚಿಕೊಳ್ಳುತ್ತದೆ. ಕಾಪಿ ಮಾಡುವಾಗ ವಿಂಡೋಸ್ ಒಂದು ಮಾತೂ ಆಡಲಿಲ್ಲ. ಜಿಪ್ ಫೈಲ್ ಆಗಿದ್ದರೆ ಬಿಚ್ಚುವಾಗ ಸಿಆರ್‌ಸಿ ಎರರ್ ಅಂತಾದರೂ ಕೂಗಿಕೊಳ್ಳುತ್ತಿತ್ತು. ಬರಿಯ ಫೋಟೊಗೆ ಆ ಕಾವಲೂ ಇಲ್ಲ.

ಏಕೆ ಹೀಗೆ ಅಂತ ನಿನಗೆ ತಿಳಿದಿರಬೇಕು. ಡಿರ‍್ಯಾಮಿನ ಒಂದೊಂದು ಬಿಟ್ಟಿಗೂ ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್. ಐಬಿಎಂನ ರಾಬರ್ಟ್ ಡೆನ್ನಾರ್ಡ್ ಇದನ್ನು ಕಂಡುಹಿಡಿದು 1968ರಲ್ಲಿ ಪೇಟೆಂಟ್ ಪಡೆದ. ಇವತ್ತಿಗೂ ಮೂಲ ಉಪಾಯ ಅದೇ. ಕೆಪಾಸಿಟರ್ ಅಂದರೆ ತೂತಿನ ಕೊಡ. ತುಂಬಿಟ್ಟ ಚಾರ್ಜು ಸೋರುತ್ತಲೇ ಇರುತ್ತದೆ. ಅದು ಬತ್ತುವ ಮೊದಲು ಓದಿ ಮತ್ತೆ ತುಂಬಬೇಕು: ಡಿಡಿಆರ್4ರಲ್ಲಿ 64 ಮಿಲಿಸೆಕೆಂಡಿಗೆ ಒಮ್ಮೆ, ಡಿಡಿಆರ್5ರಲ್ಲಿ 32 ಮಿಲಿಸೆಕೆಂಡಿಗೆ ಒಮ್ಮೆ. ಚಿಪ್ 85 ಡಿಗ್ರಿ ದಾಟಿದರೆ ಸೋರಿಕೆ ಜಾಸ್ತಿಯಾಗಿ ಅದರ ಎರಡರಷ್ಟು ಸಲ ತುಂಬಬೇಕು. ನಿನ್ನ 64 ಜಿಬಿಯಲ್ಲಿ ಇಂಥ ಸುಮಾರು 55 ಸಾವಿರ ಕೋಟಿ ಕೊಡಗಳಿವೆ. 6400 ಅಂದರೆ ಒಂದೊಂದು ತಂತಿಯಲ್ಲೂ ಸೆಕೆಂಡಿಗೆ 640 ಕೋಟಿ ಸಲ ಕೊಡುಕೊಳ್ಳುವಿಕೆ. ಇಷ್ಟು ನಡೆಯುವಾಗ ಸೊನ್ನೆಯೋ ಒಂದೋ ಅಂತ ತೀರ್ಮಾನಿಸಲು ಸಿಗುವ ಸಮಯ ಕೂದಲೆಳೆಯಷ್ಟು. ಅದನ್ನೂ ಕತ್ತರಿಸುವುದಕ್ಕೆ ಓವರ್‌ಕ್ಲಾಕಿಂಗ್ ಅಂತ ಹೆಸರು.

‘ನಾನೇನೂ ಓವರ್‌ಕ್ಲಾಕ್ ಮಾಡಲ್ಲ ಮಾವ, ಬರೀ ಎಕ್ಸ್‌ಪೋ’ ಅನ್ನುತ್ತೀಯ. ಅದೇ ಓವರ್‌ಕ್ಲಾಕ್ ಕಣೇ! ಜೆಡೆಕ್ ಅನ್ನುವ ಸಂಸ್ಥೆ ಡಿಡಿಆರ್5ಕ್ಕೆ ಗೊತ್ತು ಮಾಡಿರುವ ವೋಲ್ಟೇಜ್ 1.1. ಇಂಟೆಲ್‌ನವರ ಎಕ್ಸ್‌ಎಂಪಿ, ಎಎಂಡಿಯವರ ಎಕ್ಸ್‌ಪೋ ಎರಡೂ ಮಾಡುವುದು ಒಂದೇ ಕೆಲಸ: ವೋಲ್ಟೇಜನ್ನು 1.25ಕ್ಕೋ 1.35ಕ್ಕೋ 1.4ಕ್ಕೋ ಏರಿಸಿ ವೇಗ ಹೆಚ್ಚಿಸುವುದು. ಇದರಿಂದ ಪ್ರೊಸೆಸರಿನ ವಾರಂಟಿಗೆ ಕುತ್ತು ಬರಬಹುದು ಅಂತ ಆ ಎರಡೂ ಕಂಪನಿಗಳು ಸಣ್ಣ ಅಕ್ಷರದಲ್ಲಿ ಬರೆದೇ ಇಟ್ಟಿವೆ. ಪೊಟ್ಟಣದ ಮೇಲೆ 6400 ಅಂತ ದಪ್ಪಗೆ ಅಚ್ಚು ಹಾಕಿರುವವರು ಸ್ಟಿಕ್ ಮಾಡಿದವರು. ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರಿನ ಒಳಗೆ. ಆ ಪ್ರೊಸೆಸರಿಗೆ ಎಎಂಡಿ ಅಧಿಕೃತವಾಗಿ ಹೇಳಿರುವುದು ಎರಡು ಸ್ಟಿಕ್ ಇದ್ದರೆ 5600. ನಾಲ್ಕು ಹಾಕಿದರೆ? 3600. ತಪ್ಪು ಓದಿಲ್ಲ, ಮೂರು ಸಾವಿರದ ಆರುನೂರೇ. ನೀನು 6400 ಅಂತ ದುಡ್ಡು ಕೊಟ್ಟು ನಾಲ್ಕು ಸ್ಲಾಟನ್ನೂ ತುಂಬಿಸಿ, ಪ್ರೊಸೆಸರ್ ಒಪ್ಪಿಕೊಂಡಿರುವುದರ ಹತ್ತಿರ ಹತ್ತಿರ ಎರಡು ಪಟ್ಟು ಕೇಳುತ್ತಿದ್ದೀಯ. ಕೆಲವರಲ್ಲಿ ಓಡುತ್ತದೆ. ಓಡಿದವರು ವಿಡಿಯೊ ಮಾಡಿ ಹಾಕುತ್ತಾರೆ.

ಆದ್ದರಿಂದ 32 ಜಿಬಿಯ ಎರಡು ಸ್ಟಿಕ್ ತೊಗೋ. ಅದೇ 64 ಜಿಬಿ, ಡ್ಯುಯಲ್ ಚಾನೆಲ್ಲೂ ಸಿಗುತ್ತದೆ. ವೇಗ 5600 ಸಾಕು. ಇಲ್ಲ, ಸ್ವಲ್ಪ ಮೇಲೆ ಬೇಕೇ ಬೇಕು ಅಂದರೆ 6000ದವರೆಗೆ ಹೋಗು. ರೈಜನ್ 7000 ಬಂದಾಗ ಎಎಂಡಿಯವರೇ ಹದವಾದ ವೇಗ ಅಂತ ಹೇಳಿದ್ದು ಅದನ್ನು. ಅಲ್ಲಿಂದಾಚೆ ಹೋಗಬೇಡ.

ಸಿಎಲ್ ಅನ್ನುವ ಸಂಖ್ಯೆಯನ್ನೂ ನೋಡು. ಸಿಎಲ್ಲನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಿದರೆ ಎಷ್ಟು ನ್ಯಾನೊಸೆಕೆಂಡ್ ಕಾಯಬೇಕು ಅಂತ ಗೊತ್ತಾಗುತ್ತದೆ. ನಿನ್ನ ಪಟ್ಟಿಯ 6400 ಸಿಎಲ್ 40ಕ್ಕೆ 12.5. ಅದಕ್ಕಿಂತ ನಿಧಾನ ಅನ್ನಿಸುವ 6000 ಸಿಎಲ್ 36ಕ್ಕೆ 12. ಹಳೆಯ ಡಿಡಿಆರ್4 3200 ಸಿಎಲ್ 16ಕ್ಕೆ ಬರೀ 10! ದೊಡ್ಡ ಸಂಖ್ಯೆ ನೋಡಿ ಮರುಳಾಗಬೇಡ ಅನ್ನುವುದಕ್ಕೆ ಈ ಕೂಡು-ಕಳೆಯೇ ಸಾಕು.

ವೋಲ್ಟೇಜಿನ ಆಟ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದನ್ನು 2023ರ ಏಪ್ರಿಲ್‌ನಲ್ಲಿ ಲೋಕವೇ ನೋಡಿತು. ಎಕ್ಸ್‌ಪೋ ಆನ್ ಮಾಡಿದಾಗ ಕೆಲವು ಮದರ್‌ಬೋರ್ಡ್‌ಗಳು ಪ್ರೊಸೆಸರಿನ ಎಸ್‌ಒಸಿ ವೋಲ್ಟೇಜನ್ನು ತಾವಾಗಿಯೇ ಮೇಲಕ್ಕೆ ತಳ್ಳುತ್ತಿದ್ದವು. ರೈಜನ್ 7 7800ಎಕ್ಸ್3ಡಿ ಪ್ರೊಸೆಸರುಗಳು ಸಾಕೆಟ್ಟಿನಲ್ಲೇ ಸುಟ್ಟು ಉಬ್ಬಿದ ಫೋಟೊಗಳು ಹೊರಬಂದವು. ಆಮೇಲೆ ಎಎಂಡಿಯವರು ಆ ವೋಲ್ಟೇಜ್ 1.3 ದಾಟದ ಹಾಗೆ ಕಟ್ಟು ಹಾಕಿ ಹೊಸ ಬಯಾಸ್ ಕೊಡಿಸಿದರು. ಹಾಗಾಗಿ ಬೋರ್ಡು ತಂದ ದಿನವೇ ಬಯಾಸ್ ಅಪ್‌ಡೇಟ್ ಮಾಡು, ಯುಪಿಎಸ್ ಮೇಲೆ ಇಟ್ಟುಕೊಂಡೇ ಮಾಡು. ನಮ್ಮ ಕರೆಂಟಿನ ಭರವಸೆ ನಿನಗೆ ಗೊತ್ತಲ್ಲ.

ಇನ್ನು ಕೊಳ್ಳುವ ಮಾತು. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳ ಹಸಿವಿಗೆ ರ‍್ಯಾಮ್ ಬೆಲೆ ವಿಪರೀತ ಏರಿದೆ. ನಿಮ್ಮ ಬೆಂಗಳೂರಿನ ಎಸ್‌.ಪಿ. ರೋಡಿಗೆ ಹೋದರೆ ‘ಮೇಡಂ, ಸೇಮ್ ಐಟಂ, ಬಾಕ್ಸ್ ಇಲ್ಲ ಅಷ್ಟೇ’ ಅನ್ನುವವರು ಸಿಗುತ್ತಾರೆ. ಬಾಕ್ಸ್ ಇಲ್ಲದ್ದು ಬೇಡ. ಮೇಲಿನ ಅಲ್ಯೂಮಿನಿಯಂ ಹೊದಿಕೆಯ ಕೆಳಗೆ ಯಾವ ಚಿಪ್ ಇದೆಯೋ ಅಂಗಡಿಯವನಿಗೂ ಗೊತ್ತಿರುವುದಿಲ್ಲ. ಎರಡೂ ಸ್ಟಿಕ್ ಒಂದೇ ಪೊಟ್ಟಣದಲ್ಲಿ ಕಿಟ್ ಆಗಿ ಬಂದಿರಬೇಕು. ನನ್ನ ಸ್ಟುಡಿಯೊ ಕಥೆಯಲ್ಲಿ ಬೆಂಕಿ ಹತ್ತಿದ್ದೇ ಅಲ್ಲಿ: ಮಾಡೆಲ್ ನಂಬರ್ ಒಂದೇ ಇದ್ದರೂ ಎರಡು ತಿಂಗಳ ಆಮೇಲೆ ತಂದದ್ದರ ಒಳಗೆ ಬೇರೆ ಚಿಪ್ ಇತ್ತು. ಜಗತ್ತಿನ ಬಹುಪಾಲು ಡಿರ‍್ಯಾಮ್ ಚಿಪ್ ಮಾಡುವವರು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಈ ಮೂವರೇ. ಸ್ಟಿಕ್ ಕಂಪನಿಗಳು ಸಿಕ್ಕಿದವರಿಂದ ತಂದು ಕೂಡಿಸುತ್ತವೆ. ಹೊರಡುವ ಮೊದಲು ನಿನ್ನ ಮದರ್‌ಬೋರ್ಡ್ ಕಂಪನಿಯ ವೆಬ್‌ಸೈಟಿನಲ್ಲಿ ಕ್ಯೂವಿಎಲ್, ಅಂದರೆ ಆ ಬೋರ್ಡಿನಲ್ಲಿ ಪರೀಕ್ಷಿಸಿ ನೋಡಿದ ರ‍್ಯಾಮುಗಳ ಪಟ್ಟಿ ತೆಗೆದು, ಕೊಳ್ಳಬೇಕೆಂದಿರುವ ಸ್ಟಿಕ್ಕಿನ ಪಾರ್ಟ್ ನಂಬರ್ ಕೊನೆಯ ಅಕ್ಷರದವರೆಗೆ ಹೊಂದುತ್ತದೆಯೇ ನೋಡಿಕೋ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸು. ಒಳ್ಳೆಯ ಕಂಪನಿಗಳ ರ‍್ಯಾಮಿಗೆ ವರ್ಷಗಟ್ಟಲೆ ವಾರಂಟಿ ಇರುತ್ತದೆ, ಬಿಲ್ ಇದ್ದರೆ ಮಾತ್ರ.

ಲೈಟಿನ ಬಗ್ಗೆ ಏನೂ ಹೇಳುವುದಿಲ್ಲ. ನಿನ್ನ ವಯಸ್ಸು, ನಿನ್ನ ದುಡ್ಡು.

ಹಾಕುವಾಗ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿಗೆ ಹಾಕು. ಹೆಚ್ಚುಕಮ್ಮಿ ಎಲ್ಲ ಬೋರ್ಡಿನಲ್ಲೂ ಇದೇ ಕ್ರಮ, ಆದರೂ ಮ್ಯಾನ್ಯುಯಲ್ ನೋಡು. ಕ್ಯಾಬಿನೆಟ್ಟಿನ ಕಬ್ಬಿಣ ಒಮ್ಮೆ ಮುಟ್ಟಿ ಮೈಯ ಸ್ಟ್ಯಾಟಿಕ್ ಇಳಿಸಿಕೋ. ಟಕ್ ಅನ್ನುವವರೆಗೆ ಒತ್ತು. ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಗೇ ಇರುತ್ತದೆ. ಡಿಡಿಆರ್5 ಮೆಮೊರಿ ಟ್ರೈನಿಂಗ್ ಮಾಡಿಕೊಳ್ಳುತ್ತದೆ, ಕೆಲವು ನಿಮಿಷ ಬೇಕಾದೀತು. ಆಗ ಗಾಬರಿಯಾಗಿ ಪವರ್ ಆಫ್ ಮಾಡಬೇಡ. ಕಾಫಿ ಮಾಡಿಕೊಂಡು ಬಾ. ಕಾಫಿ ಮುಗಿದು ಲೋಟ ತೊಳೆದಿಟ್ಟರೂ ಡಿಸ್‌ಪ್ಲೇ ಬರದಿದ್ದರೆ ಆಗ ನನಗೆ ಫೋನ್ ಮಾಡು. ಪೆನ್ಸಿಲ್ ರಬ್ಬರಿನಿಂದ ಬಂಗಾರದ ಹಲ್ಲು ಉಜ್ಜುವುದು ನಮ್ಮ ಅಂಗಡಿಯ ಹಳೇ ಮದ್ದು. ಹೊಸ ಸ್ಟಿಕ್ಕಿಗೆ ಅದರ ಅಗತ್ಯ ಇಲ್ಲ.

ವಿಂಡೋಸ್ ಹಾಕುವ ಮೊದಲೇ ಮೆಮ್‌ಟೆಸ್ಟ್86 ಓಡಿಸಬೇಕು. ಬಿಟ್ಟಿ ಆವೃತ್ತಿ ನಾಲ್ಕು ಸುತ್ತು ಓಡುತ್ತದೆ, 64 ಜಿಬಿಗೆ ಇಡೀ ರಾತ್ರಿ ಹಿಡಿಯುತ್ತದೆ. ಮೊದಲು ಎಕ್ಸ್‌ಪೋ ಇಲ್ಲದೆ. ಅದರಲ್ಲೇ ಎರರ್ ಬಂದರೆ ಒಂದೊಂದೇ ಸ್ಟಿಕ್ ಹಾಕಿ ಓಡಿಸಿ ಕಳ್ಳನನ್ನು ಹಿಡಿ, ಅಂಗಡಿಗೆ ವಾಪಸ್ ಕೊಡು. ಶುದ್ಧ ಬಂದರೆ ಎಕ್ಸ್‌ಪೋ ಹಾಕಿ ಇನ್ನೊಂದು ರಾತ್ರಿ. ಅಲ್ಲಿ ಒಂದೇ ಒಂದು ಎರರ್ ಬಂದರೂ ಎಕ್ಸ್‌ಪೋ ಆಫ್. ‘ಒಂದೇ ಅಲ್ವಾ’ ಅನ್ನಬೇಡ. ಆ ಒಂದು ನಿನ್ನ ಯಾವ ಫೈಲಿನಲ್ಲಿ ಕೂರುತ್ತದೋ ಯಾರು ಬಲ್ಲರು? ಮುಂದೆ ಏಪ್ರಿಲ್, ಮೇ ಬಂದಾಗ ಮಧ್ಯಾಹ್ನ ಎರಡು ಗಂಟೆಯ ಸೆಕೆಯಲ್ಲಿ ಇನ್ನೊಮ್ಮೆ ಓಡಿಸು. ಡಿಸೆಂಬರಿನಲ್ಲಿ ಪಾಸಾದದ್ದು ಮೇ ತಿಂಗಳಲ್ಲಿ ಫೇಲಾದದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಡಿಡಿಆರ್5ರಲ್ಲಿ ಇಸಿಸಿ ಇದೆಯಲ್ಲ ಅಂತ ಕೇಳಬಹುದು. ಅದು ಚಿಪ್ಪಿನ ಒಳಗಿನ ತಪ್ಪನ್ನು ಚಿಪ್ಪೇ ತಿದ್ದಿಕೊಳ್ಳುವಷ್ಟು ಮಾತ್ರ. ಚಿಪ್ಪಿನಿಂದ ಪ್ರೊಸೆಸರಿಗೆ ಹೋಗುವ ದಾರಿಯಲ್ಲಿ ಆದ ತಪ್ಪಿಗೆ ಅದು ಕಾವಲಲ್ಲ, ಓವರ್‌ಕ್ಲಾಕಿನ ತಪ್ಪು ಹೆಚ್ಚಾಗಿ ಆಗುವುದೇ ಆ ದಾರಿಯಲ್ಲಿ. ನಿಜವಾದ ಇಸಿಸಿ ರ‍್ಯಾಮ್ ಸರ್ವರುಗಳಲ್ಲಿರುತ್ತದೆ. 2009ರಲ್ಲಿ ಗೂಗಲ್‌ನ ಸರ್ವರುಗಳ ಮೇಲೆ ಬಿಯಾಂಕಾ ಶ್ರೋಡರ್ ಮತ್ತು ಜೊತೆಗಾರರು ಮಾಡಿದ ಅಧ್ಯಯನದಲ್ಲಿ ವರ್ಷಕ್ಕೆ ನೂರರಲ್ಲಿ ಎಂಟಕ್ಕೂ ಹೆಚ್ಚು ಸ್ಟಿಕ್ಕುಗಳು ಒಂದಲ್ಲ ಒಂದು ತಪ್ಪು ಮಾಡಿದ್ದವು. ಅವು ಓವರ್‌ಕ್ಲಾಕ್ ಮಾಡಿದವೂ ಅಲ್ಲ. ಲಿನಕ್ಸ್ ಕಟ್ಟಿದ ಲೈನಸ್ ಟೋರ್ವಾಲ್ಡ್ಸ್ 2021ರಲ್ಲಿ ‘ಇಸಿಸಿ ಎಲ್ಲರಿಗೂ ಬೇಕು’ ಅಂತ ಇಂಟೆಲ್ ಮೇಲೆ ಹರಿಹಾಯ್ದಿದ್ದ. ಮರುವರ್ಷ ಅವನದೇ ಇಸಿಸಿ ಇಲ್ಲದ ಡೆಸ್ಕ್‌ಟಾಪಿನ ಸ್ಟಿಕ್ ಕೈಕೊಟ್ಟು ಕರ್ನಲ್ ಕೆಲಸ ಕುಂಟಿತು. ನಿನ್ನ ಬಜೆಟ್ಟಿಗೆ ಇಸಿಸಿ ಸದ್ಯ ಬೇಡ. ಆ ದುಡ್ಡಿನಲ್ಲಿ ಬ್ಯಾಕಪ್ಪಿಗೆ ಇನ್ನೊಂದು ಹಾರ್ಡ್‌ಡಿಸ್ಕ್ ತೊಗೋ.

ಆ ಸ್ಟುಡಿಯೊದವರು ನನ್ನ ಮೇಲೆ ಕೂಗಾಡಲಿಲ್ಲ. ಹುಡುಗಿಯ ಅಪ್ಪನ ಮುಂದೆ ತಾವೇ ಕೈಕಟ್ಟಿ ನಿಂತು ಆಲ್ಬಮ್ಮಿನ ದುಡ್ಡು ಬೇಡವೆಂದರು. ನನಗೆ ಹೇಳಿದ್ದು ಇಷ್ಟೇ: ‘ನಿಧಾನ ಇದ್ದಿದ್ರೂ ನಡೀತಿತ್ತಲ್ಲ ಸ್ವಾಮಿ.’

ಬರುವ ಭಾನುವಾರ ಬೆಂಗಳೂರಿಗೆ ಬರುತ್ತೇನೆ, ಮೆಮ್‌ಟೆಸ್ಟ್ ಇರುವ ಪೆನ್‌ಡ್ರೈವ್ ತರುತ್ತೇನೆ. ಅಷ್ಟರಲ್ಲಿ ನೀನು ಸಿಸ್ಟಂ ಜೋಡಿಸಿಟ್ಟಿದ್ದರೂ ಸರಿಯೇ. ಎರಡು ರಾತ್ರಿಯ ಟೆಸ್ಟ್ ಮುಗಿಯುವವರೆಗೆ ನಿನ್ನ ಕ್ಯಾಮೆರಾದ ಒಂದು ಕಾರ್ಡನ್ನೂ ಫಾರ್ಮ್ಯಾಟ್ ಮಾಡಬೇಡ.